ಇಬ್ಬರು ಕಲಾವಿದರನ್ನ ಹೋಲಿಸ್ಬೇಕಾ? ಹಾರಿಹೋದ ಟೋಪಿಯಿಂದ ಶುರು ಮಾಡಿ

ಇಷ್ಟದ ಇಬ್ರು ಕಲಾವಿದರನ್ನ ಹೋಲಿಸಿ ಬರೀರಿ ಅಂದ್ರೆ ಸಾಕು, ಅವ್ರು ಹುಟ್ಟಿದ್ದೆಲ್ಲಿ ಸತ್ತಿದ್ದೆಲ್ಲಿ ಅಂತ ಎರಡು ಪುಟ ತುಂಬ್ಸಿ, ಚಿತ್ರದ ಹತ್ರ ಬರೋ ಹೊತ್ತಿಗೆ ಸುಸ್ತಾಗಿ 'ಇಬ್ಬರೂ ಪ್ರಕೃತಿಯನ್ನು ಅದ್ಭುತವಾಗಿ ಚಿತ್ರಿಸಿದ್ದಾರೆ' ಅಂತ ಕೈ ತೊಳ್ಕೊಂಡು ಬಿಡ್ತೀವಿ. ನಾನೂ ಹಾಗೇ ಬರ್ದಿದ್ದೆ. ಆಮೇಲೆ ಓದಿ ನೋಡಿದ್ರೆ ಇಬ್ಬರ ಹೆಸ್ರು ಅದಲುಬದಲು ಮಾಡಿದ್ರೂ ಒಂದಕ್ಷರ ಬದಲಾಯಿಸ್ಬೇಕಾಗಿರ್ಲಿಲ್ಲ!

ಅದಕ್ಕೆ ಮೊದ್ಲು ಇಬ್ರೂ ಬಿಡಿಸಿರೋ ಒಂದೇ ವಿಷಯ ಹುಡ್ಕಿ, ಸಣ್ಣದಾದಷ್ಟೂ ಒಳ್ಳೇದು. ಜಪಾನಿನ ಹೊಕುಸಾಯ್ (1760–1849), ಹಿರೋಶಿಗೆ (1797–1858) ತಗೊಳ್ಳಿ. ಇಬ್ರದ್ದೂ ಮರದಚ್ಚಿನ ಚಿತ್ರಗಳು. ಹೊಕುಸಾಯ್‌ನ ಫ್ಯೂಜಿ ಪರ್ವತದ ಸರಣಿಯಲ್ಲಿ (ಹೆಸರಿಗೆ 36 ನೋಟ, ಚಿತ್ರ ಇರೋದು 46) ಎಜಿರಿ ಅನ್ನೋ ಜಾಗದ್ದೊಂದಿದೆ, ಹಿರೋಶಿಗೆಯ ತೊಕಾಯ್ದೊ ಹೆದ್ದಾರಿ ಸರಣಿಯಲ್ಲಿ ಯೊಕ್ಕಾಯಿಚಿ ಅಂತ ಒಂದಿದೆ. ಎರಡೂ 1830ರ ದಶಕದ ಆಸುಪಾಸಿನವು, ಎರಡರಲ್ಲೂ ಜೋರು ಗಾಳಿ, ಎರಡರಲ್ಲೂ ಯಾರದ್ದೋ ಟೋಪಿ ಹಾರಿದೆ.

ಅಕ್ಕಪಕ್ಕ ಇಟ್ಕೊಂಡು, ಏನೂ ಓದ್ದೆ, ಸುಮ್ನೆ ಹತ್ತು ನಿಮಿಷ ನೋಡಿ. ಕಂಡಿದ್ದನ್ನಷ್ಟೇ ಬರ್ಕೊಳ್ಳಿ, ಚೆಂದ ಗಿಂದ ಅನ್ನೋ ಪದ ಸದ್ಯಕ್ಕೆ ಬೇಡ. ಎಜಿರಿಯಲ್ಲಿ ಒಬ್ಬಳ ಕೈಯಿಂದ ಕಾಗದಗಳು ಸಾಲಾಗಿ ಆಕಾಶಕ್ಕೆ ಹಾರ್ತಿವೆ, ಒಬ್ಬನ ಟೋಪಿ ಹಾರಿಹೋಗಿದೆ, ಉಳಿದ ದಾರಿಹೋಕರು ಬಗ್ಗಿ ಟೋಪಿ ಹಿಡ್ಕೊಂಡಿದ್ದಾರೆ, ಎರಡು ಮರ ಬಾಗಿವೆ, ಹಿಂದೆ ಫ್ಯೂಜಿ ಮಾತ್ರ ಬರೀ ಒಂದು ಗೆರೆಯಲ್ಲಿ ಅಲ್ಲಾಡದೆ ನಿಂತಿದೆ. ಯೊಕ್ಕಾಯಿಚಿಯಲ್ಲಿ ಫ್ಯೂಜಿನೇ ಇಲ್ಲ. ಇರೋದು ಇಬ್ರೇ, ಒಬ್ಬ ಉರುಳ್ತಿರೋ ಟೋಪಿ ಹಿಂದೆ ಎದ್ನೋ ಬಿದ್ನೋ ಅಂತ ಓಡ್ತಿದ್ದಾನೆ, ಇನ್ನೊಬ್ಬ ಪುಟ್ಟ ಸೇತುವೆ ಮೇಲೆ, ಮೇಲುಡುಪು ಪಟಪಟ ಅಂತ ಹಾರ್ತಿದೆ.

ಈಗ ಬೆರಳಲ್ಲಿ ಒಂದೊಂದನ್ನೇ ಮುಚ್ಚಿ ನೋಡಿ, ಇದು ನನ್ನ ಮೆಚ್ಚಿನ ಉಪಾಯ. ಫ್ಯೂಜಿ ಮುಚ್ಚಿದ್ರೆ ಎಜಿರಿಯಲ್ಲಿ ಬರೀ ಗಡಿಬಿಡಿ ಉಳಿಯುತ್ತೆ, ಅಂದ್ರೆ ಆ ಒಂದು ಗೆರೆನೇ ಇಡೀ ಚಿತ್ರನ ಹಿಡಿದಿಟ್ಟಿರೋದು. ಟೋಪಿಯವನನ್ನ ಮುಚ್ಚಿದ್ರೆ ಯೊಕ್ಕಾಯಿಚಿಯ ತಮಾಷೆ ಹೋಗಿ ಬರೀ ಬೇಜಾರು ಉಳಿಯುತ್ತೆ. ಶೈಲಿಯಿಂದ ವಸ್ತುವಿಗೆ ಹೋಗೋ ದಾರಿ ಇದೇ: ಹೊಕುಸಾಯ್‌ಗೆ ಮನುಷ್ಯರ ಗಲಿಬಿಲಿ ಪಕ್ಕ ಅಲ್ಲಾಡದ್ದೊಂದು ಬೇಕು, ಹಿರೋಶಿಗೆಗೆ ಆ ಗಾಳಿಗೆ ಸಿಕ್ಕಿಹಾಕ್ಕೊಂಡ ಒಬ್ಬ ಮನುಷ್ಯ ಸಾಕು.

ಬಣ್ಣದ ವಿಷ್ಯದಲ್ಲಿ ಸ್ವಲ್ಪ ಹುಷಾರು. ಕಲಾವಿದ ಚಿತ್ರ ಬರೀತಿದ್ದ, ಮರ ಕೆತ್ತೋರು ಬೇರೆ, ಬಣ್ಣ ಹಚ್ಚಿ ಅಚ್ಚು ಹಾಕೋರು ಬೇರೆ, ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಆಕಾಶ ಬೇರೆ ಬೇರೆ ಇರ್ಬಹುದು. ಒಂದು ಪ್ರತಿ ನೋಡಿ 'ಹಿರೋಶಿಗೆಯ ನೀಲಿ' ಅಂತ ಪ್ಯಾರಾಗಟ್ಲೆ ಬರಿಯೋಕೆ ಹೋಗ್ಬೇಡಿ.

ಆಮೇಲೆ ನಿಮ್ಮ ಮಾತನ್ನ ನೀವೇ ಮುರಿಯೋಕೆ ನೋಡಿ. ಹೊಕುಸಾಯ್ ಅಂದ್ರೆ ಅಬ್ಬರ ಅಂತ ಬರ್ದಿದ್ರೆ (ಫ್ಯೂಜಿ ಸರಣಿಯಲ್ಲೇ ಇರೋ ಅವನ ದೊಡ್ಡ ಅಲೆಯ ಚಿತ್ರ ನೋಡಿದ ಎಲ್ರೂ ಹಂಗೇ ಬರೀತಾರೆ) ಅದೇ ಸರಣಿಯ 'ಕೆಂಪು ಫ್ಯೂಜಿ' ಅನ್ನೋ ಚಿತ್ರ ತೆಗೀರಿ, ಅದ್ರಲ್ಲಿ ಒಬ್ಬ ಮನುಷ್ಯನೂ ಇಲ್ಲ, ಗದ್ದಲನೂ ಇಲ್ಲ. ಅಬ್ಬರ ಹೊಡೆದುಹಾಕಿ. ಅಲ್ಲಾಡದ ಪರ್ವತದ ಮಾತು ಮಾತ್ರ ಇಲ್ಲೂ ನಿಲ್ಲುತ್ತೆ, ಹಾಗಾಗಿ ಅದನ್ನ ಇಟ್ಕೊಳ್ಳಿ.

ಇಷ್ಟೆಲ್ಲ ಹುಡುಕೋ ತಾಳ್ಮೆ ಇಲ್ಲಾಂದ್ರೆ ರೆಡಿಯಾಗಿರೋ ಜೋಡಿನೂ ಒಂದಿದೆ. ಹಿರೋಶಿಗೆ 1857ರಲ್ಲಿ ಮಾಡಿದ ಸೇತುವೆ ಮೇಲಿನ ಮಳೆ ಚಿತ್ರನ ಡಚ್ ಕಲಾವಿದ ವ್ಯಾನ್ ಗೋ 1887ರಲ್ಲಿ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದಾನೆ. ಸುತ್ತ ಜಪಾನಿ ಅಕ್ಷರಗಳ ಬಾರ್ಡರ್ ಬೇರೆ ಹಾಕಿದ್ದಾನೆ, ಮೂಲದಲ್ಲಿ ಅದಿಲ್ಲ. ಅಲ್ಲಿಂದಾನೇ ಶುರು ಮಾಡ್ಬಹುದು.