ಡೇಟಾ ಕೈಗೆ ಬರುವ ಮೊದಲಿನ ಕೆಲಸ: ನನ್ನ ಅನುಭವ

ಸಮಾಜದಲ್ಲಿ ಹಿರಿಯರ ಸಂಖ್ಯೆ ಹೆಚ್ಚುತ್ತಿರುವುದರ ಬಗ್ಗೆ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸಂಶೋಧನೆಗೆ ಆಡಳಿತದ ಕೆಲಸ ನೋಡಿಕೊಳ್ಳುವವಳು ನಾನು. ತಂಡದಲ್ಲಿ ಅರ್ಥಶಾಸ್ತ್ರದವರು, ವೈದ್ಯರು, ಸಮಾಜಶಾಸ್ತ್ರದವರು ಎಲ್ಲರೂ ಇರುತ್ತಾರೆ. ಅವರಿಗೆ ಬೇಕಾದ ಅನುಮತಿ, ದುಡ್ಡು, ಡೇಟಾ ಹೊತ್ತಿಗೆ ಸರಿಯಾಗಿ ಸಿಗಬೇಕು. ಅದು ನನ್ನ ಪಾಲಿನ ಕೆಲಸ.

ಅನುದಾನ ಮಂಜೂರಾದ ಕೂಡಲೇ ಎಲ್ಲರ ಗಮನ ಬಜೆಟ್ ಕಡೆ ಹೋಗುತ್ತದೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ಡೇಟಾ ಒಪ್ಪಂದವನ್ನು, ಅಂದರೆ ಬೇರೆಯವರು ಕಲೆಹಾಕಿದ ಮಾಹಿತಿಯನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಎನ್ನುವ ಪತ್ರವನ್ನು. ಹಿರಿಯರ ಬಗೆಗಿನ ದೊಡ್ಡ ಅಧ್ಯಯನಗಳು ಒಂದು ಸಲ ಹೋಗಿ ಕೇಳಿ ಬರುವಂಥವಲ್ಲ. ಅಮೆರಿಕದ ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ 1992ರಲ್ಲಿ ಶುರುವಾಯಿತು. 50 ದಾಟಿದ ಅದೇ ಜನರನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಮಾತಾಡಿಸುತ್ತಾರೆ. ಅದರ ಜಾಡಿನಲ್ಲೇ 2002ರಲ್ಲಿ ಇಂಗ್ಲೆಂಡಿನ ಎಲ್ಸಾ, 2004ರಲ್ಲಿ ಯುರೋಪಿನ ಶೇರ್, 2017ರಲ್ಲಿ ಭಾರತದ ಲಾಸಿ ಎಂಬ ಇಂಥದ್ದೇ ಅಧ್ಯಯನಗಳು ಬಂದವು. ಪ್ರಶ್ನೆಗಳನ್ನು ಬೇಕಂತಲೇ ಒಂದಕ್ಕೊಂದು ಹೊಂದುವ ಹಾಗೆ ಬರೆದಿರುವುದರಿಂದ ದೇಶ ದೇಶಗಳನ್ನು ಹೋಲಿಸಿ ನೋಡಬಹುದು.

ಇವುಗಳಲ್ಲಿ ಬಹುಪಾಲು ಡೇಟಾ ಹೆಸರು ನೋಂದಾಯಿಸಿದರೆ ಸಿಗುತ್ತದೆ. ತೊಡಕಿರುವುದು ಸೂಕ್ಷ್ಮ ಮಾಹಿತಿಯಲ್ಲಿ. ಮನೆ ಯಾವ ಪ್ರದೇಶದಲ್ಲಿದೆ, ಆಸ್ಪತ್ರೆಯ ಬಿಲ್ ಏನು, ಪಿಂಚಣಿ ಎಷ್ಟು ಎನ್ನುವಂಥ ದಾಖಲೆ ಬೇಕೆಂದರೆ ಬೇರೆಯೇ ಅರ್ಜಿ. ಅದರಲ್ಲಿ ಸಂಶೋಧನೆಯ ಪ್ರಶ್ನೆಗಿಂತ ಜಾಸ್ತಿ ಜಾಗ ಹೋಗುವುದು ಭದ್ರತೆಗೆ. ಡೇಟಾ ಯಾವ ಯಂತ್ರದಲ್ಲಿ ಇರುತ್ತದೆ? ಅದಕ್ಕೆ ಇಂಟರ್ನೆಟ್ ಇದೆಯಾ? ಕೋಣೆಗೆ ಬೀಗ ಇದೆಯಾ? ಯಾರ್ಯಾರು ನೋಡುತ್ತಾರೆ? ಕೆಲಸ ಮುಗಿದ ಮೇಲೆ ಹೇಗೆ ಅಳಿಸುತ್ತೀರಿ?

ಇದಕ್ಕೆ ಪ್ರೊಫೆಸರ್ ಒಬ್ಬರೇ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ನಾನು ಖಾಲಿ ಫಾರ್ಮನ್ನು ಕಂಪ್ಯೂಟರ್ ವಿಭಾಗದವರ ಮೇಜಿಗೇ ಒಯ್ದು, ಪಕ್ಕದಲ್ಲಿ ಕೂತು, ಒಂದೊಂದೇ ಸಾಲು ಓದಿ ತುಂಬಿಸುತ್ತೇನೆ. ಇಮೇಲ್‌ನಲ್ಲಿ ಕಳಿಸಿದರೆ ವಾರಗಟ್ಟಲೆ ಓಡಾಡುವ ಫಾರ್ಮು ಎದುರಿಗೆ ಕೂತರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಮೇಲೆ ಕಾನೂನು ವಿಭಾಗ. ಸಹಿ ಹಾಕುವ ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ, ಸಾಮಾನ್ಯವಾಗಿ ಸಂಶೋಧಕರಿಗಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲೂ ಆ ಸಹಿ ಯಾರದು ಅಂತ ಮೊದಲೇ ಕೇಳಿ ಬರೆದಿಟ್ಟುಕೊಂಡಿರುತ್ತೇನೆ.

ಒಪ್ಪಂದದಲ್ಲಿರುವ ಹೆಸರುಗಳ ಮೇಲೂ ಕಣ್ಣಿಟ್ಟಿರಬೇಕು. ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿ ಹೊರಡುತ್ತಾನೆ, ಹೊಸಬಳು ಬರುತ್ತಾಳೆ. ಅವನ ಲಾಗಿನ್ ಅದೇ ದಿನ ಮುಚ್ಚಬೇಕು. ಇವಳ ಹೆಸರು ಒಪ್ಪಂದಕ್ಕೆ ಸೇರುವವರೆಗೆ ಡೇಟಾ ತೆರೆಯಬಾರದು. ಯಾರೇ ಬಂದರೂ ಹೋದರೂ ವಿಷಯ ನನಗೆ ಮುಟ್ಟಲಿ ಅಂತ ತಿಂಗಳ ಸಭೆಯ ಮೊದಲ ವಿಷಯವಾಗಿ ಅದನ್ನೇ ಇಟ್ಟಿದ್ದೇನೆ. ಉತ್ತರ ಕೊಟ್ಟ ಹಿರಿಯರು ನಂಬಿ ಕೊಟ್ಟ ಮಾಹಿತಿ ಅದು, ಅಲ್ವಾ?

ಅಧ್ಯಯನದಲ್ಲಿ ಪಾಲ್ಗೊಳ್ಳುವವರಿಗೆ ತೊಂದರೆಯಾಗದಂತೆ ನೋಡುವ ನೈತಿಕ ಸಮಿತಿ ಪ್ರತಿ ವಿಶ್ವವಿದ್ಯಾಲಯದಲ್ಲೂ ಇರುತ್ತದೆ, ಅದರ ಅನುಮತಿಯೂ ಹೀಗೇ. ಸಮಿತಿಗಳು ಒಪ್ಪಿದರೆ ಒಂದು ಕಡೆಯ ಪರಿಶೀಲನೆಯನ್ನೇ ಉಳಿದವರೂ ಮಾನ್ಯ ಮಾಡುತ್ತಾರೆ. ಇಲ್ಲದಿದ್ದರೆ ಎಲ್ಲ ಕಡೆಯೂ ಬೇರೆ ಬೇರೆ ಅರ್ಜಿ. ಆಗ ಪಾಲ್ಗೊಳ್ಳುವವರು ಸಹಿ ಹಾಕುವ ಒಪ್ಪಿಗೆ ಪತ್ರದ ಒಂದೇ ಆವೃತ್ತಿ ಎಲ್ಲ ಕಡೆಯೂ ಇರುವ ಹಾಗೆ ನೋಡಿಕೊಳ್ಳುತ್ತೇನೆ. ನಮ್ಮ ವಿಷಯದಲ್ಲಿ ಸಮಿತಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಮರೆವಿನ ಕಾಯಿಲೆ ಇರುವವರ ಪರವಾಗಿ ಯಾರು ಒಪ್ಪಿಗೆ ಕೊಡುತ್ತಾರೆ? ಇವತ್ತು ಸ್ಪಷ್ಟವಾಗಿ ಮಾತಾಡುವವರು ಮುಂದಿನ ಸುತ್ತಿಗೆ ಹಾಗೆ ಇರದೆ ಹೋಗಬಹುದು. ಅದರ ಉತ್ತರ ಮೊದಲ ಅರ್ಜಿಯಲ್ಲೇ ಬರೆದಿರಲಿ ಅಂತ ಸಂಶೋಧಕರ ಬೆನ್ನು ಹತ್ತುತ್ತೇನೆ.

ದುಡ್ಡಿನ ಲೆಕ್ಕ ಬೇರೆ ಯೋಜನೆಗಳ ಹಾಗೇ ಇರುತ್ತದೆ. ಮುಖ್ಯ ವಿಶ್ವವಿದ್ಯಾಲಯದಿಂದ ಉಳಿದವರಿಗೆ ಉಪ ಒಪ್ಪಂದ ಹೋಗುತ್ತದೆ, ಬಿಲ್ ಬರುತ್ತದೆ, ತಾಳೆ ನೋಡುತ್ತೇನೆ.

ಸಲಹಾ ಗುಂಪಿನಲ್ಲಿ ಹಿರಿಯರೂ ಇದ್ದರೆ ಸಭೆಯ ತಯಾರಿ ಬೇರೆ ಥರ. ಕಾಗದದಲ್ಲಿ ಅಕ್ಷರ ದೊಡ್ಡದಿರಬೇಕು. ಮೈಕ್ ಬೇಕೇ ಬೇಕು. ಕತ್ತಲಾಗುವ ಮೊದಲು ಸಭೆ ಮುಗಿಯಬೇಕು. ಪ್ರಯಾಣದ ಖರ್ಚನ್ನು ಆಮೇಲೆ ಕಳಿಸುತ್ತೇವೆ ಅನ್ನದೆ ಅವತ್ತೇ ಕೊಡಲು ಲೆಕ್ಕ ವಿಭಾಗದಿಂದ ಮುಂಚೆಯೇ ಒಪ್ಪಿಗೆ ತೆಗೆದುಕೊಂಡಿರುತ್ತೇನೆ.

ಇಂಥ ಅಧ್ಯಯನ ನಮ್ಮೆಲ್ಲರ ಕೆಲಸದ ಅವಧಿಗಿಂತ ಹೆಚ್ಚು ಕಾಲ ನಡೆಯುತ್ತದೆ. ಅದಕ್ಕೇ ಪ್ರತಿ ಡೇಟಾಗೂ ಒಂದು ಪುಟ ಇಟ್ಟಿದ್ದೇನೆ. ಒಪ್ಪಂದ ಮುಗಿಯುವ ದಿನ, ಸಹಿ ಮಾಡಿದವರು, ನೋಡಲು ಅನುಮತಿ ಇರುವವರು, ಅಳಿಸಿದ್ದಕ್ಕೆ ಕೊಡಬೇಕಾದ ಪತ್ರ ಎಲ್ಲ ಅದರಲ್ಲಿದೆ. ನನ್ನ ಜಾಗಕ್ಕೆ ಬರುವವರು ಯಾರನ್ನೂ ಕೇಳದೆ ಅಲ್ಲಿಂದಲೇ ಮುಂದುವರಿಸಬಹುದು.