ಸಂಬಳ ಬಂದ ದಿನವೇ ಎತ್ತಿಡಿ

ಮೊದಲ ಕೆಲಸಕ್ಕೆ ಸೇರಿದಾಗ ನನಗೆ 22 ವರ್ಷ. 14 ತಿಂಗಳು ದುಡಿದೆ, ಏನೂ ಉಳಿಸಲಿಲ್ಲ. ದುಂದು ಮಾಡುವವಳೇನೂ ಅಲ್ಲ ನಾನು. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಎತ್ತಿಟ್ಟರಾಯ್ತು ಅಂದುಕೊಂಡಿದ್ದೆ, ಅಷ್ಟೇ. ಮಿಗುತ್ತಲೇ ಇರಲಿಲ್ಲ. 15ನೇ ತಿಂಗಳಲ್ಲಿ ಹಲ್ಲುನೋವು ಶುರುವಾಯಿತು. ಬೇರಿನವರೆಗೆ ಹುಳುಕಾಗಿತ್ತು. ಚಿಕಿತ್ಸೆಗೆ ಗೆಳತಿಯ ಹತ್ತಿರ ಸಾಲ ಕೇಳಿದೆ. ಅವಳು ಮರುಮಾತಿಲ್ಲದೆ ಕೊಟ್ಟಳು. ಆದರೆ ವರ್ಷಕ್ಕಿಂತ ಹೆಚ್ಚು ದುಡಿದೂ ನನ್ನ ಒಂದು ಹಲ್ಲಿಗೆ ಆಗುವಷ್ಟು ಹಣ ನನ್ನ ಹತ್ತಿರ ಇಲ್ಲವಲ್ಲ ಅನ್ನುವುದು ನೋವಿಗಿಂತ ಜಾಸ್ತಿ ಚುಚ್ಚಿತು.

ಅದಕ್ಕೇ ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಮಿಕ್ಕಿದ್ದನ್ನು ಉಳಿಸಬೇಡಿ. ಉಳಿಸಿ, ಮಿಕ್ಕಿದ್ದರಲ್ಲಿ ಬದುಕಿ.

ಇದಕ್ಕೆ ಮನಸ್ಸು ಗಟ್ಟಿ ಇರಬೇಕು ಅಂತೇನಿಲ್ಲ. ಇನ್ನೊಂದು ಖಾತೆ ಇದ್ದರೆ ಸಾಕು. ಸಂಬಳ ಬರುವ ಖಾತೆ ಬೇರೆ, ಉಳಿತಾಯದ ಖಾತೆ ಬೇರೆ. ಸಂಬಳ ಬಂದ ಮರುದಿನವೇ ಇಷ್ಟು ಹಣ ತಾನಾಗಿ ಆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಒಮ್ಮೆ ಹೇಳಿಟ್ಟುಬಿಡಿ. ಆ ಖಾತೆಯ ಕಾರ್ಡ್ ಪರ್ಸಿನಲ್ಲಿ ಇರಬಾರದು, ಆ್ಯಪ್ ಮೊಬೈಲಿನಲ್ಲಿ ಇರಬಾರದು. ನನ್ನ ಆ ಕಾರ್ಡನ್ನು ಪ್ರಮಾಣಪತ್ರಗಳ ಫೈಲಿನೊಳಗೆ ಇಟ್ಟಿದ್ದೆ. ಹಣ ತೆಗೆಯಲು ಎದ್ದು ಹೋಗಿ ಫೈಲು ಹುಡುಕಬೇಕು. ಅಷ್ಟರೊಳಗೆ ಎಷ್ಟೋ ಸಲ ಆಸೆ ಇಳಿದುಹೋಗಿದೆ.

ಎಷ್ಟು ಎತ್ತಿಡಬೇಕು? ನಾನು ಸಂಬಳದ ನೂರರಲ್ಲಿ ಐದು ಭಾಗದಿಂದ ಶುರು ಮಾಡಿದೆ. ಹುಮ್ಮಸ್ಸಿನಲ್ಲಿ ಒಮ್ಮೆಗೇ ಮೂವತ್ತು ಭಾಗ ಎತ್ತಿಟ್ಟು, ತಿಂಗಳ ನಡುವೆ ಕೈ ಬರಿದಾಗಿ, ಎಲ್ಲವನ್ನೂ ವಾಪಸ್ ತೆಗೆದವರನ್ನು ನೋಡಿದ್ದೇನೆ. ಅಂಥವರು ಮತ್ತೆ ಶುರು ಮಾಡುವುದು ಕಷ್ಟ. ಕಡಿಮೆ ಇರಲಿ, ತಪ್ಪದೆ ನಡೆಯಲಿ. ಮನೆಗೂ ಹಣ ಕಳಿಸಬೇಕಾದವರು ನೀವಾದರೆ ನೂರರಲ್ಲಿ ಎರಡೇ ಸಾಕು. ಅದಕ್ಕೆ ನಾಚಿಕೆ ಬೇಡ.

ಕಡಿಮೆ ಹಣದಿಂದ ಆಗುವುದೇನು ಅನ್ನುವವರು ಒಂದು ಲೆಕ್ಕ ನೋಡಿ. ತಿಂಗಳಿಗೆ 100ರಂತೆ 40 ವರ್ಷ ಹಾಕುತ್ತೀರಿ, ವರ್ಷಕ್ಕೆ ಶೇ 6 ಬಡ್ಡಿ, ಅದು ತಿಂಗಳು ತಿಂಗಳು ಅಸಲಿಗೆ ಸೇರುತ್ತದೆ ಅಂತ ಇಟ್ಟುಕೊಳ್ಳಿ. ನೀವು ಹಾಕಿದ್ದು 48,000. ಕೊನೆಗೆ ಸಿಗುವುದು ಸುಮಾರು 1,99,000. ಇದನ್ನೇ ಹತ್ತು ವರ್ಷ ತಡವಾಗಿ ಶುರು ಮಾಡಿದರೆ ಸಿಗುವುದು ಸುಮಾರು 1,00,000. ಕಡಿಮೆ ಹಾಕಿದ್ದು 12,000 ಮಾತ್ರ, ಕೈತಪ್ಪಿದ್ದು ಹೆಚ್ಚುಕಡಿಮೆ ಅರ್ಧ! ಈ ಲೆಕ್ಕ ನನಗೆ ಹಲ್ಲುನೋವಿಗೆ ಮುಂಚೆಯೇ ಯಾರಾದರೂ ತೋರಿಸಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಚಕ್ರಬಡ್ಡಿ ಸಾಲದಲ್ಲೂ ಹೀಗೇ ಬೆಳೆಯುತ್ತದೆ, ನಮ್ಮ ವಿರುದ್ಧ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3 ಬಡ್ಡಿ ಅಂದರೆ ಸಣ್ಣದಾಗಿ ಕೇಳಿಸುತ್ತದೆ, ಅಲ್ವಾ? ಹನ್ನೆರಡು ತಿಂಗಳು ಬಡ್ಡಿಗೆ ಬಡ್ಡಿ ಸೇರಿದರೆ ಅದು ವರ್ಷಕ್ಕೆ ಶೇ 42 ದಾಟುತ್ತದೆ. ಯಾವ ಉಳಿತಾಯ ಖಾತೆಯೂ ಅಷ್ಟು ಕೊಡುವುದಿಲ್ಲ. ಹಾಗಾಗಿ ಕಾರ್ಡಿನ ಬಾಕಿ ಇದ್ದರೆ, ಮೊದಲು ಒಂದು ತಿಂಗಳ ಖರ್ಚಿನಷ್ಟು ಕೂಡಿಸಿಕೊಳ್ಳಿ, ಆಮೇಲೆ ಎತ್ತಿಡುವ ಹಣವನ್ನೆಲ್ಲ ಆ ಬಾಕಿಗೇ ಕಟ್ಟಿ. ಬಿಲ್ಲಿನಲ್ಲಿ ಬರುವ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿ ಸುಮ್ಮನಾಗಬೇಡಿ. ಉಳಿದದ್ದಕ್ಕೆ ಬಡ್ಡಿ ಬೀಳುತ್ತಲೇ ಇರುತ್ತದೆ.

ಖರ್ಚು ಬರೆದಿಡುವ ವಿಷಯ. ಜೀವನಪೂರ್ತಿ ಬರೆಯಬೇಕಿಲ್ಲ, ಒಂದು ತಿಂಗಳು ಬರೆಯಿರಿ. ನಾನು ಬರೆದಾಗ ಎರಡು ಸಬ್‌ಸ್ಕ್ರಿಪ್ಷನ್ ಸಿಕ್ಕವು. ಬಳಸುವುದನ್ನು ನಿಲ್ಲಿಸಿ ಎಷ್ಟೋ ತಿಂಗಳಾಗಿತ್ತು, ಹಣ ಮಾತ್ರ ಹೋಗುತ್ತಲೇ ಇತ್ತು. ಎರಡನ್ನೂ ಆ ರಾತ್ರಿಯೇ ನಿಲ್ಲಿಸಿದೆ. ಗೆಳೆಯರ ಜೊತೆ ಹೊರಗೆ ಹೋಗುವುದನ್ನು ಬಿಡಲಿಲ್ಲ. ಅದು ಬೇಕು.

ಸಂಬಳ ಏರುವ ಸಮಯ ಬಹಳ ಮುಖ್ಯ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈಗಲೇ ಜಾಸ್ತಿ ಉಳಿಸಲು ಒಪ್ಪದ ನೌಕರರಿಗೆ ಅವರು ಇನ್ನೊಂದು ದಾರಿ ತೋರಿಸಿದರು. ಮುಂದೆ ಸಂಬಳ ಏರಿದಾಗೆಲ್ಲ ಉಳಿತಾಯದ ಪಾಲೂ ಏರಲಿ, ಅದಕ್ಕೆ ಈಗಲೇ ಒಪ್ಪಿಗೆ ಕೊಡಿ ಅಂದರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಹೋಯಿತು. ಕೈಗೆ ಬಂದು ರೂಢಿಯಾದ ಹಣವನ್ನು ಬಿಡುವುದು ಕಷ್ಟ, ಇನ್ನೂ ಬಾರದ ಹಣವನ್ನು ಬಿಡುವುದು ಸುಲಭ. ನಾನೂ ಪ್ರತಿ ಏರಿಕೆಯ ಅರ್ಧವನ್ನು ಉಳಿತಾಯಕ್ಕೆ ಸೇರಿಸುತ್ತಾ ಬಂದೆ. ನಾಲ್ಕು ವರ್ಷದಲ್ಲಿ ನೂರರಲ್ಲಿ ಐದು ಇದ್ದದ್ದು ಹದಿನೆಂಟಾಯಿತು.

ಕೆಲಸಕ್ಕೆ ಸೇರುವ ದಿನ ಕೊಡುವ ಕಾಗದಗಳನ್ನು ಓದದೆ ಸಹಿ ಹಾಕಬೇಡಿ. ಕೆಲವು ಕಡೆ ನಿವೃತ್ತಿ ನಿಧಿಗೆ ನೀವು ಹಾಕಿದಷ್ಟೇ ಹಣವನ್ನು ಕಂಪನಿಯೂ ಹಾಕುತ್ತದೆ. ಇಂಥದ್ದು ನಿಮ್ಮಲ್ಲಿ ಇದ್ದರೆ ಬಿಡಬೇಡಿ, ಅದೂ ನಿಮ್ಮ ದುಡಿಮೆಯ ಪಾಲೇ.

ಕಾರ್ಡಿನ ಬಾಕಿ ಇಲ್ಲದವರು ಮೊದಲು ಕೂಡಿಸಬೇಕಾದದ್ದು ಆಪತ್ತಿನ ಹಣ. ಮೂರರಿಂದ ಆರು ತಿಂಗಳ ಖರ್ಚಿನಷ್ಟು, ಬೇಕೆಂದಾಗ ತೆಗೆಯಲು ಆಗುವ ಕಡೆ ಇರಲಿ. ಷೇರು ಗೀರು ಎಲ್ಲ ಆಮೇಲೆ. ಹಾಗಂತ ಎಲ್ಲವನ್ನೂ ಯಾವಾಗಲೂ ಸುಮ್ನೆ ಖಾತೆಯಲ್ಲೇ ಬಿಡುವುದೂ ಸರಿಯಲ್ಲ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ, ಬೆಲೆ ಎರಡು ಪಟ್ಟಾಗಲು ಸುಮಾರು ಎಷ್ಟು ವರ್ಷ ಬೇಕು ಅಂತ ಗೊತ್ತಾಗುತ್ತದೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ, ಬಡ್ಡಿ ಇಲ್ಲದೆ ಕೂತ ಹಣಕ್ಕೆ 12 ವರ್ಷದಲ್ಲಿ ಸಿಗುವ ಸಾಮಾನು ಅರ್ಧವಾಗುತ್ತದೆ. ಆಪತ್ತಿನ ಹಣ ತುಂಬಿದ ಮೇಲೆ ಉಳಿದದ್ದನ್ನು ಬೆಳೆಯುವ ಕಡೆ ಹಾಕುವುದನ್ನು ಕಲಿಯಿರಿ.

ಆಪತ್ತು ಬಂದಾಗ ಆ ಹಣವನ್ನು ಖರ್ಚು ಮಾಡಲು ಹಿಂಜರಿಯಬೇಡಿ, ಅದು ಇರುವುದೇ ಅದಕ್ಕೆ. ಐದನೇ ವರ್ಷದಲ್ಲಿ ನನ್ನ ಕೆಲಸ ಹೋಯಿತು. ಹೊಸದು ಸಿಗಲು ಮೂರು ತಿಂಗಳಾಯಿತು. ಸಿಕ್ಕ ಮೊದಲ ಕೆಲಸ ಇಷ್ಟವಾಗಲಿಲ್ಲ, ಒಲ್ಲೆ ಅಂದೆ. ಮನೆ ಬಾಡಿಗೆ ಒಂದು ದಿನವೂ ತಡವಾಗಲಿಲ್ಲ. ಖಾಲಿಯಾದ ಹಣವನ್ನು ಮತ್ತೆ ತುಂಬಿಸಲು ಹನ್ನೊಂದು ತಿಂಗಳು ಹಿಡಿಯಿತು. ಕಾರ್ಡ್ ಈಗಲೂ ಅದೇ ಫೈಲಿನಲ್ಲಿದೆ.