ಗಾಯ ಮಾಗಿದ ಮೇಲೂ ಕೈ ಉರಿಯುವಾಗ

ನಾನು ಫಿಸಿಯೋಥೆರಪಿಸ್ಟ್. ಮಣಿಕಟ್ಟಿನ ಹತ್ತಿರ ನರ ತುಂಡಾಗಿ, ಆಪರೇಷನ್‌ನಲ್ಲಿ ಜೋಡಿಸಿಕೊಂಡು ಬರುವವರೇ ನನ್ನ ಬಳಿ ಜಾಸ್ತಿ. ಕುಡುಗೋಲು, ಮಚ್ಚು, ಕಿಟಕಿ ಗಾಜು, ಯಾವುದರಿಂದ ಕೊಯ್ದಿದ್ದರೂ ಎಲ್ಲರೂ ಕೇಳುವುದು ಒಂದೇ: "ಗಾಯ ಮಾಗಿದೆ, ನೋವು ಯಾಕೆ ಹೋಗಿಲ್ಲ?"

ಒಬ್ಬ ಅಮ್ಮನಿಗೆ ಸೆರಗು ತಾಗಿದರೂ ಅಂಗೈ ಉರಿಯುತ್ತಿತ್ತು. ಮನೆಯವರು ನಾಟಕ ಅಂದಿದ್ದರಂತೆ. ಅದಕ್ಕೇ ನಾನು ಮೊದಲು ಮನೆಯವರನ್ನು ಕೂರಿಸಿ ಮಾತಾಡುತ್ತೇನೆ. ಪೆಟ್ಟಾದ ನರ ಯಾರೂ ಮುಟ್ಟದಿದ್ದರೂ ತಾನಾಗಿಯೇ ಸಂಕೇತ ಕಳಿಸುತ್ತದೆ. ಅದು ನಿಲ್ಲದೆ ಬರುತ್ತಿದ್ದರೆ ಬೆನ್ನುಹುರಿಯೂ ಸೂಕ್ಷ್ಮವಾಗುತ್ತದೆ. ಆಮೇಲೆ ಮೆತ್ತನೆಯ ಸ್ಪರ್ಶವೂ ಮೆದುಳಿಗೆ ನೋವಾಗಿಯೇ ಮುಟ್ಟುತ್ತದೆ. ಇದು ನಿಜವಾದ ನೋವು.

ನರ ಬೆಳೆಯುತ್ತಿದೆಯಾ ಅಂತ ನೋಡಲು ಅದರ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಫ್ರಾನ್ಸಿನ ಡಾಕ್ಟರ್ ಜೂಲ್ ಟಿನೆಲ್ 1915ರಲ್ಲಿ ವಿವರಿಸಿದ ಪರೀಕ್ಷೆ ಇದು. ತಟ್ಟಿದಾಗ ಜುಮ್ ಅನ್ನುವ ಜಾಗ, ಅಂದರೆ ನರ ಬೆಳೆದು ಮುಟ್ಟಿರುವ ಜಾಗ, ಎಲ್ಲಿದೆ ಅಂತ ಅಳೆದು ಬರೆದಿಡುತ್ತೇನೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮುಂದಿನ ತಿಂಗಳು ಆ ಜಾಗ ಬೆರಳಿನ ಕಡೆ ಸರಿದಿದ್ದರೆ, ಅವರಿಗೇ ತೋರಿಸುತ್ತೇನೆ. ಆಗ ಮುಖದಲ್ಲಿ ಬರುವ ಧೈರ್ಯ ನನಗೂ ಬೇಕು.

ಆಮೇಲೆ ಸ್ಪರ್ಶದ ಅಭ್ಯಾಸ. ಉರಿಯುವ ಜಾಗಕ್ಕೆ ನೇರವಾಗಿ ಕೈ ಹಾಕುವುದಿಲ್ಲ, ಅದರ ಅಂಚಿನಿಂದ ಶುರು. ಮೊದಲು ಹತ್ತಿ, ಆಮೇಲೆ ಹಳೇ ಪಂಚೆ ಬಟ್ಟೆ, ಆಮೇಲೆ ಟವೆಲ್. ಅದು ತಡೆಯುವಂತಾದರೆ ಪಾತ್ರೆಯಲ್ಲಿ ರಾಗಿ, ಕೊನೆಗೆ ಅಕ್ಕಿ. ಕೈ ಒಳಗಿಟ್ಟು ನಿಧಾನವಾಗಿ ಆಡಿಸಬೇಕು. ಅದೇ ವಸ್ತುವನ್ನು ಮೊದಲು ಚೆನ್ನಾಗಿರುವ ಕೈಗೆ ಸವರಿ, ನೋಡುತ್ತಾ ಇನ್ನೊಂದು ಕೈಗೆ ಸವರಿಸುತ್ತೇನೆ. ಒಂದು ಸಲಕ್ಕೆ ಕೆಲವೇ ನಿಮಿಷ, ಆದರೆ ದಿನಕ್ಕೆ ನಾಲ್ಕೈದು ಸಲ. ನಿಲ್ಲಿಸಿದ ಮೇಲೂ ಉರಿ ತುಂಬಾ ಹೊತ್ತು ಉಳಿದರೆ ಮರುದಿನ ಮೆತ್ತನೆಯದಕ್ಕೇ ವಾಪಸ್. ನೋವು ತಡ್ಕೊಂಡು ಜೋರಾಗಿ ಉಜ್ಜುವುದನ್ನು ನಾನು ಒಪ್ಪುವುದಿಲ್ಲ. ನೋವಿಗೆ ಹೆದರಿ ಕೈಗೆ ಸದಾ ಬಟ್ಟೆ ಸುತ್ತಿಕೊಂಡು ಕೂರುವುದನ್ನೂ ಒಪ್ಪುವುದಿಲ್ಲ.

ಒಂದು ಎಚ್ಚರ. ಸೆರಗು ತಾಗಿದರೆ ಉರಿಯುವ ಅದೇ ಕೈಗೆ ಬಿಸಿ ಪಾತ್ರೆ ಗೊತ್ತಾಗದೇ ಇರಬಹುದು. ಬಿಸಿನೀರಿನ ಶಾಖ ಬೇಡವೇ ಬೇಡ.

ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ತರಹದ ಔಷಧಿ ಬೇಕಾಗಬಹುದು. ಅದನ್ನು ಡಾಕ್ಟರೇ ಬರೆಯಬೇಕು, ತಾವಾಗಿಯೇ ನಿಲ್ಲಿಸಲೂಬಾರದು. ಕೈ ಊದಿ, ಬಣ್ಣ ಬದಲಾಗಿ, ಬೆವರು ಜಾಸ್ತಿಯಾದರೆ ನಾನು ಕಾಯುವುದಿಲ್ಲ, ಅವತ್ತೇ ನೋವಿನ ತಜ್ಞರ ಹತ್ತಿರ ಕಳಿಸುತ್ತೇನೆ.